ಬಾಟಲಿ ಬಾಯಿಗಿಟ್ಟರೆ ಕೂಸು ಸೆಟೆಯುತ್ತದೆ

ಪ್ರಶ್ನೆ: ನಮ್ಮ ಮನೆ ಗದಗ-ಬೆಟಗೇರಿಯಲ್ಲಿದೆ. ಮಗಳಿಗೆ ಈಗ ನಾಲ್ಕು ತಿಂಗಳು. ಹೆರಿಗೆ ರಜೆ ಮುಗಿಯುತ್ತ ಬಂದಿರುವುದರಿಂದ ಇನ್ನು ಹದಿನೈದು ದಿನಗಳಲ್ಲಿ ನಾನು ಬೆಳಗಿನ ರೈಲಿಗೆ ಹುಬ್ಬಳ್ಳಿಯ ಕಚೇರಿಗೆ ಹೋಗಿ ಸಂಜೆ ಮರಳಬೇಕಾಗುತ್ತದೆ. ಅದಕ್ಕಾಗಿ ಎದೆಹಾಲನ್ನು ಹಿಂಡಿಟ್ಟು, ಅದು ಸಾಲದಿದ್ದಾಗ ವೈದ್ಯರು ಬರೆದುಕೊಟ್ಟ ಪುಡಿಹಾಲನ್ನು ಕಲಸಿ, ಬಾಟಲಿಯಲ್ಲಿ ಕುಡಿಸುವ ರೂಢಿಯನ್ನು ಅತ್ತೆಯವರು ಮಾಡಿಸುತ್ತಿದ್ದಾರೆ. ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಕೂಸು ಕೆಮ್ಮಿ, ಬೆನ್ನು ಸೆಟೆದು, ಮುಖ ತಿರುಗಿಸಿ ಚೀರುತ್ತದೆ. ನನ್ನ ಎದೆಗೆ ಹಾಕಿಕೊಂಡರೆ ಸುಮ್ಮನೆ ಕುಡಿಯುತ್ತದೆ. ದೃಷ್ಟಿಯಾಗಿದೆ ಎಂದು ಕೆಲವರು, ಹೊಟ್ಟೆನೋವು ಇರಬಹುದು, ಬಜೆ ತೇದು ನೆಕ್ಕಿಸಿರಿ ಎಂದು ಕೆಲವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕೂಸು ಕೆಮ್ಮುತ್ತದೆ ಎಂಬುದನ್ನು ಮರೆಯದೆ ಬರೆದದ್ದು ಒಳ್ಳೆಯದಾಯಿತು, ಉಳಿದೆಲ್ಲ ವಿವರಗಳಿಗಿಂತ ಅದೇ ಹೆಚ್ಚು ಹೇಳುತ್ತದೆ. ಎದೆಹಾಲನ್ನು ಕೂಸು ತಾನೇ ಚೀಪಿ ತರಿಸಿಕೊಳ್ಳುತ್ತದೆ, ನಡುನಡುವೆ ನಿಲ್ಲಿಸಿ ಉಸಿರಾಡಿಕೊಳ್ಳುತ್ತದೆ. ತಲೆಕೆಳಗಾಗಿ ಹಿಡಿದ ಬಾಟಲಿಯಿಂದಲಾದರೆ ಹಾಲು ಕೂಸು ಚೀಪದಿದ್ದರೂ ಇಳಿಯುತ್ತಲೇ ಇರುತ್ತದೆ. ನುಂಗುವುದಕ್ಕೂ ಉಸಿರಾಡುವುದಕ್ಕೂ ಪುರಸೊತ್ತು ಸಿಗದಿದ್ದಾಗ ಬಾಯಿ ಬಿಡಿಸಿಕೊಳ್ಳಲು ಅದಕ್ಕೆ ಇರುವ ದಾರಿಯೆಂದರೆ ಸೆಟೆಯುವುದು, ಮುಖ ತಿರುಗಿಸುವುದು, ಚೀರುವುದು. ಇದನ್ನು ಹಟವೆಂದು ತಿಳಿದು ಒತ್ತಿ ಕುಡಿಸುತ್ತ ಹೋದರೆ ಕೆಲವೇ ದಿನಗಳಲ್ಲಿ ಅದು ಬಾಟಲಿಯನ್ನು ಕಂಡೊಡನೆಯೇ ಅಳತೊಡಗುತ್ತದೆ.

ಆದ್ದರಿಂದ ಮೊದಲು ನಿಪ್ಪಲ್ಲನ್ನು ಪರೀಕ್ಷಿಸಿರಿ. ಬಾಟಲಿಯನ್ನು ತಲೆಕೆಳಗೆ ಹಿಡಿದಾಗ ಹಾಲು ಹನಿಹನಿಯಾಗಿ ಬೀಳಬೇಕೇ ಹೊರತು ಧಾರೆಯಾಗಿ ಇಳಿಯಬಾರದು. ಬೇಗ ಕುಡಿದು ಮುಗಿಸಲಿ ಎಂದು ಕಾಯಿಸಿದ ಸೂಜಿಯಿಂದ ತೂತನ್ನು ದೊಡ್ಡದು ಮಾಡುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ. ಹಾಗೆ ಮಾಡಿದ್ದರೆ ಆ ನಿಪ್ಪಲ್ಲನ್ನು ಎಸೆದುಬಿಡಿರಿ. ಅತಿ ನಿಧಾನವಾಗಿ ಹಾಲು ಬಿಡುವ ನಿಪ್ಪಲ್ಲೇ ನಿಮ್ಮ ಮಗಳಿಗೆ ಸದ್ಯಕ್ಕೆ ಸರಿ. ಪೊಟ್ಟಣದ ಮೇಲೆ ಬರೆದ ವಯಸ್ಸನ್ನು ನೋಡಿ ದೊಡ್ಡದಕ್ಕೆ ಹೋಗಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಕೂಸು ಕೆಮ್ಮದೆ, ಬಹಳ ಹೊತ್ತು ಜೋರಾಗಿ ಚೀಪಿ, ನಿಪ್ಪಲ್ ಒಳಗೆ ಅಂಟಿಕೊಂಡು ಸಿಟ್ಟಿನಿಂದ ಅಳುವುದಾದರೆ ಮಾತ್ರ ಹಾಲು ಕಡಿಮೆ ಬರುತ್ತಿದೆ ಎಂದು ತಿಳಿಯಬೇಕು.

ಎರಡನೆಯದು ಕುಡಿಸುವ ಭಂಗಿ. ನಮ್ಮ ಕಡೆಯ ಹಿರಿಯರು ಎರೆಯುವಾಗ ಮಲಗಿಸಿಕೊಳ್ಳುವಂತೆಯೇ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಿಂದ ಹಾಲು ಹಾಕುತ್ತ ಬಂದವರು. ಬಾಟಲಿಗೂ ಕೈ ಅದೇ ರೂಢಿಯಲ್ಲಿ ಹೋಗುತ್ತದೆ. ಅತ್ತೆಯವರು ಗೋಡೆಗೆ ಆನಿಸಿ ಕುಳಿತು, ಕೂಸಿನ ತಲೆ ಮತ್ತು ಬೆನ್ನಿಗೆ ತೋಳಿನ ಆಧಾರ ಕೊಟ್ಟು, ಅದನ್ನು ಬಹುಮಟ್ಟಿಗೆ ಕುಳಿತಂತೆ ಹಿಡಿದುಕೊಳ್ಳಲಿ. ನಿಪ್ಪಲ್ಲನ್ನು ಬಾಯೊಳಗೆ ತುರುಕದೆ ಮೇಲ್ದುಟಿಗೆ ತಾಗಿಸಿದರೆ ಕೂಸು ತಾನಾಗಿ ಬಾಯಿ ಅಗಲಿಸುತ್ತದೆ. ಆಗ ನಿಪ್ಪಲ್ಲಿನ ತುದಿಗೆ ಹಾಲು ಬರುವಷ್ಟೇ ಬಾಟಲಿಯನ್ನು ಎತ್ತಿ ಅಡ್ಡಡ್ಡವಾಗಿ ಹಿಡಿಯಬೇಕು. ಕೆಲವು ಗುಟುಕುಗಳಾದ ಮೇಲೆ ನಿಪ್ಪಲ್ಲನ್ನು ಬಾಯಲ್ಲೇ ಬಿಟ್ಟು ಬಾಟಲಿಯ ಹಿಂಭಾಗವನ್ನು ತಗ್ಗಿಸಿದರೆ ಹಾಲು ನಿಲ್ಲುತ್ತದೆ, ಕೂಸಿಗೆ ಉಸಿರು ಸಿಗುತ್ತದೆ. ಅದು ಮತ್ತೆ ಚೀಪತೊಡಗಿದಾಗ ಎತ್ತಬೇಕು. ಕೈಬೆರಳುಗಳನ್ನು ಅಗಲಿಸಿ ಚಾಚುವುದು, ಹುಬ್ಬು ಗಂಟಿಕ್ಕುವುದು, ತುಟಿಯ ಅಂಚಿನಿಂದ ಹಾಲು ಸೋರುವುದು, ಇವೆಲ್ಲ ಚೀರುವುದಕ್ಕೆ ಮುಂಚಿನ ಸೂಚನೆಗಳು. ಅರ್ಧಕ್ಕೆ ಒಮ್ಮೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಇನ್ನೊಂದು ತೋಳಿಗೆ ಬದಲಾಯಿಸಿಕೊಳ್ಳಲಿ. ಇಡೀ ಕೆಲಸಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿದರೆ ಅದು ಸರಿಯಾದ ವೇಗ.

ನಾಲ್ಕು ತಿಂಗಳ ಕೂಸಿಗೆ ಲೋಕದ ಕುತೂಹಲ ಆರಂಭವಾಗಿರುತ್ತದೆ. ಸಂಜೆಯ ಧಾರಾವಾಹಿ ನಡೆಯುತ್ತಿರುವ ಪಡಸಾಲೆಯಲ್ಲಿ ಕುಡಿಸುವುದಕ್ಕಿಂತ ಮಂದ ಬೆಳಕಿನ ಒಳಕೋಣೆ ಮೇಲು. ಚೀರಿ ಅಳುವವರೆಗೆ ಕಾಯದೆ, ಕೈಯನ್ನು ಬಾಯಿಗೆ ಒಯ್ಯುವ ಹೊತ್ತಿಗೇ ಹಾಲು ಸಿದ್ಧವಿರಲಿ. ರೂಢಿಯಾಗುವವರೆಗೆ ನೀವು ಆ ಕೋಣೆಯಲ್ಲಿ ಇರದಿರುವುದು ಒಳ್ಳೆಯದು. ನಿಮ್ಮ ವಾಸನೆ ಬಂದರೆ ಅದು ಬಾಟಲಿಯನ್ನು ಏಕೆ ಒಪ್ಪೀತು?

ಬಾಟಲಿಯ ಮೇಲಿನ ಗೆರೆಗಳು ಮನೆಮಂದಿಯನ್ನು ಅನಾವಶ್ಯಕವಾಗಿ ಕಾಡುತ್ತವೆ. ಕೂಸು ಬಾಯಿ ಮುಚ್ಚಿಕೊಂಡರೆ, ನಿಪ್ಪಲ್ಲನ್ನು ನಾಲಗೆಯಿಂದ ಹೊರದಬ್ಬಿದರೆ ಅದಕ್ಕೆ ಸಾಕಾಗಿದೆ; ಉಳಿದ ಹತ್ತು ಇಪ್ಪತ್ತು ಮಿಲಿ ಲೀಟರಿಗಾಗಿ ಜಗಳ ಬೇಡ. ಒಮ್ಮೆಗೆ 60 ಮಿಲಿ ಲೀಟರಿನಿಂದ ಆರಂಭಿಸಿ, ಬೇಡಿದರೆ ಮತ್ತಷ್ಟು ಕೊಡಿರಿ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಚೆನ್ನಾಗಿ ಮೂತ್ರ ಮಾಡುತ್ತಿದ್ದು, ತೂಕ ಸರಿಯಾಗಿ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ.

ನಳದ ನೀರು ದಿನಗಟ್ಟಲೆ ಬಿಟ್ಟು ಬರುವ ನಮ್ಮ ಊರುಗಳಲ್ಲಿ ತುಂಬಿಟ್ಟ ನೀರನ್ನೇ ಬಳಸಬೇಕಾಗುತ್ತದೆ. ಹೀಗಾಗಿ ಬಾಟಲಿ ಮತ್ತು ನಿಪ್ಪಲ್ಲನ್ನು ಪ್ರತಿಸಲ ಬ್ರಷ್‌ನಿಂದ ತೊಳೆದು ಕುದಿಸಲೇಬೇಕು. ಪುಡಿಹಾಲಿಗೆ ನೀರನ್ನು ಕುದಿಸಿ, ಅರ್ಧ ಗಂಟೆ ಮೀರದಂತೆ ಆರಿಸಿ, ಇನ್ನೂ ಬಿಸಿಯಿರುವಾಗಲೇ ಪುಡಿ ಬೆರೆಸಿ, ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಬೇಕು. ಡಬ್ಬಿಯಲ್ಲಿ ಹೇಳಿದ ಅಳತೆಗಿಂತ ನೀರು ಹೆಚ್ಚಾಗಬಾರದು. ಕುಡಿದು ಬಿಟ್ಟ ಹಾಲನ್ನು ಮತ್ತೆ ಕೊಡಬಾರದು. ಹಿಂಡಿದ ಎದೆಹಾಲನ್ನು ಕೂಡಲೇ ಫ್ರಿಜ್‌ನ ಒಳಭಾಗದಲ್ಲಿಟ್ಟು 24 ಗಂಟೆಗಳೊಳಗೆ ಬಳಸಿರಿ. ಬಾಗಿಲಿನ ಹಲಗೆಯಲ್ಲಿ ಇಡಬೇಡಿರಿ.

ಇನ್ನು ಬಜೆಯ ಮಾತು. ಆರು ತಿಂಗಳು ತುಂಬುವವರೆಗೆ ಹಾಲು ಮತ್ತು ವೈದ್ಯರು ಹೇಳಿದ ಔಷಧಿಯ ಹೊರತು ಬಜೆ, ಜಾಯಿಕಾಯಿ, ಸಕ್ಕರೆ ನೀರು ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಕೂಡದು. ದೃಷ್ಟಿ ತೆಗೆಯುವುದು ಮನೆಯ ಹಿರಿಯರ ಸಮಾಧಾನದ ವಿಷಯ, ಆದರೆ ಮೆಣಸಿನಕಾಯಿ ಸುಟ್ಟ ಹೊಗೆ ಕೂಸಿನ ಹತ್ತಿರ ಸುಳಿಯಬಾರದು. ನಾಲಗೆ ಹಾಗೂ ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಹೋಗದ ಬಿಳಿ ಪದರ, ಜ್ವರ, ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಕುಡಿಯುವಾಗ ತುಟಿ ನೀಲಿಯಾಗುವುದು, ಎದೆಯಲ್ಲೂ ಕುಡಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ವೈದ್ಯರಿಗೆ ಅಂದೇ ತೋರಿಸಿರಿ.

ಇಷ್ಟಾದ ಮೇಲೂ ಬಾಟಲಿ ಒಲ್ಲೆನೆಂದರೆ ಅದನ್ನು ಬಿಟ್ಟುಬಿಡಬಹುದು. ಕುದಿಸಿದ ಸಣ್ಣ ಸ್ಟೀಲ್ ಲೋಟದ ಅಂಚನ್ನು ಕೆಳದುಟಿಗೆ ತಾಗಿಸಿ ಹಿಡಿದರೆ ಈ ವಯಸ್ಸಿನ ಕೂಸು ತಾನೇ ಗುಟುಕರಿಸುತ್ತದೆ, ತೊಳೆಯುವುದೂ ಸುಲಭ. ಕಾನೂನಿನ ಪ್ರಕಾರ ಕೂಸಿಗೆ 15 ತಿಂಗಳಾಗುವವರೆಗೆ ಕೆಲಸದ ವೇಳೆಯಲ್ಲಿ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳು ತಾಯಿಗೆ ಸಿಗಬೇಕು. ಕಚೇರಿಯಲ್ಲಿ ಹಾಲು ಹಿಂಡಲು ಆ ಬಿಡುವನ್ನು ಬಳಸಿಕೊಳ್ಳುವಂತೆ ಈಗಲೇ ಮಾತಾಡಿಟ್ಟುಕೊಳ್ಳಿರಿ.

ಪ್ರಶ್ನೆ: ರಾತ್ರಿ ಕೂಸು ಮಲಗಿದಲ್ಲೇ ಬಾಟಲಿಯನ್ನು ದಿಂಬಿಗೆ ಆನಿಸಿಟ್ಟರೆ ಶಾಂತವಾಗಿ ಕುಡಿಯುತ್ತದೆ. ಹೀಗೆ ಮಾಡಬಹುದೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ಮಾಡಬಾರದು. ನಿದ್ದೆಗಣ್ಣಿನಲ್ಲಿ ಹಾಲು ಶ್ವಾಸನಾಳಕ್ಕೆ ಇಳಿದರೆ ಬಾಟಲಿ ಕಿತ್ತುಕೊಳ್ಳಲು ಕೈಗಳಿರುವುದಿಲ್ಲ. ಅಂಗಾತ ಮಲಗಿ ಕುಡಿಯುವ ಮಕ್ಕಳಲ್ಲಿ ಕಿವಿಯ ಸೋಂಕೂ ಹೆಚ್ಚು, ಹಲ್ಲು ಬಂದ ಮೇಲೆ ಹುಳುಕೂ ಹೆಚ್ಚು. ರಾತ್ರಿಯೂ ಯಾರಾದರೊಬ್ಬರು ಎದ್ದು, ಎತ್ತಿ ಹಿಡಿದೇ ಕುಡಿಸಬೇಕು. ಆ ಸರದಿಯನ್ನು ತಂದೆಯೂ ಹಂಚಿಕೊಳ್ಳಲಿ.