ಡ್ರೈವ್ ಮೌಂಟ್ ಆಗವಲ್ದು (ತೆರಿಯವಲ್ದು) ಅಂದ್ರ ಡಾಟಾ ಹೋತು ಅಂತಲ್ರಿ, ಫಾರ್ಮ್ಯಾಟ್ ಹೊಡೀಬ್ಯಾಡ್ರಿ

ಅಣ್ಣಾರ, ಮೊದಲ ಆ ರಿಪೇರಿ ಅಂಗಡಿಯಿಂದ ಲ್ಯಾಪ್‌ಟಾಪ್ ವಾಪಸ್ ತಗೊಂಡು ಬರ್ರಿ. ನೀವು ಇಲ್ಲೆ, ವಿಂಡೋಸ್ ಜೋಡಿ ಲಿನಕ್ಸ್ ಮಿಂಟ್ ಹಾಕೊಂಡೀನಿ, ಮೊನ್ನಿತನಕ ಡಿ ಡ್ರೈವ್ ಚಲೋ ತೆರೀತಿತ್ತು, ಈಗ ಕ್ಲಿಕ್ ಮಾಡಿದ್ರ ‘ರಾಂಗ್ ಎಫ್ಎಸ್ ಟೈಪ್, ಬ್ಯಾಡ್ ಆಪ್ಶನ್, ಬ್ಯಾಡ್ ಸೂಪರ್‌ಬ್ಲಾಕ್’ ಅಂತ ಬರಾಕತ್ತೈತಿ, ವಿಜಯಪುರದಾಗ ರಿಪೇರಿಯವ್ರು ಫಾರ್ಮ್ಯಾಟ್ ಒಂದ ದಾರಿ ಅಂದ್ರು, ಒಳಗ ತಂಗಿ ಮದುವಿ ಫೋಟೋ ಅದಾವ ಅಂತ ಬರದೀರಲ್ಲ, ಅದನ್ನ ಓದಿ ನನಗ ಕೂಡಾಕ ಆಗ್ಲಿಲ್ಲ. ನಂದು ಬಾಗಲಕೋಟಿ ನವನಗರದಾಗ ಸಣ್ಣ ಫೋಟೋ ಸ್ಟುಡಿಯೋ ಐತಿ. ಕೆಲವು ವರ್ಷದ ಹಿಂದ ಇದ ಎರರ್ ನೋಡಿ ಹೆದರಿ ನಾನೂ ಒಂದು ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಆಮ್ಯಾಲ ಫೋಟೋರೆಕ್ (ಹೋದ ಫೈಲ್ ಹುಡುಕಿ ತಗಿಯೂ ಸಾಫ್ಟ್‌ವೇರ್) ಹಚ್ಚಿ ಭಾಳಷ್ಟು ಫೋಟೋ ತಗದೆ ಖರೆ, ಆದ್ರ ಫೈಲ್ ಹೆಸರಿಲ್ಲ, ಫೋಲ್ಡರ್ ಇಲ್ಲ, ಅರಿಶಿಣದ ಫೋಟೋ ಯಾವ ಮನೀದು, ಅಕ್ಷತಾದ್ದು ಯಾವ ಮನೀದು ಅಂತ ಒಂದೊಂದ ತಗದು ನೋಡ್ಕೋತ ಕುಂತೆ. ಕೆಲವೊಂದು ಬರ್ಲೇ ಇಲ್ಲ. ಆ ಮನಿಯವ್ರಿಗೆ ಹೇಳೂ ಮುಂದ ನನ್ನ ಬಾಯಾಗ ಮಾತು ಬರ್ಲಿಲ್ಲ.

ಆ ಎರರ್ ಇದ್ದಂಗ ನಂಬಬ್ಯಾಡ್ರಿ. ಕರ್ನಲ್ (ಲಿನಕ್ಸಿನ ಒಳಗಿನ ತಿರುಳು) ಒಳಗಿಂದ ‘ಆಗೂದಿಲ್ಲ’ ಅಂದದ್ದಷ್ಟ ಮೌಂಟ್ ಕಮಾಂಡ್‌ಗೆ ಗೊತ್ತಿರ್ತೈತಿ, ಯಾಕ ಅನ್ನೂದು ಗೊತ್ತಿರೂದಿಲ್ಲ, ಹಿಂಗಾಗಿ ಇರಬಹುದಾದ ಕಾರಣ ಎಲ್ಲಾ ಒಂದ ಸಾಲಿನ್ಯಾಗ ಹೇಳಿಬಿಡ್ತೈತಿ. ಖರೇ ಕಾರಣ ಕರ್ನಲ್ ಲಾಗ್‌ನ್ಯಾಗ ಇರ್ತೈತಿ. ಟರ್ಮಿನಲ್ ತಗದು ಸುಡೋ (ಎಸ್ ಯು ಡಿ ಒ, ಅಡ್ಮಿನ್ ಹಕ್ಕಿಂದ ಓಡಸಾಕ) ಹಾಕಿ ಡಿ ಎಂ ಇ ಎಸ್ ಜಿ ಅಂತ ಐದು ಅಕ್ಷರ ಹೊಡೀರಿ, ಕೊನೀ ಹತ್ತು ಹದಿನೈದು ಲೈನ್ ಓದ್ರಿ.

ನಿಮ್ಮಂಥಾ ಕೇಸ್‌ನ್ಯಾಗ ಭಾಳ ಸಲ ಸಿಗೂದು ‘ವಾಲ್ಯೂಮ್ ಈಸ್ ಡರ್ಟಿ’ ಅನ್ನೂ ಲೈನ್. ಡಿಸ್ಕ್ ಕೆಟ್ಟೈತಿ ಅಂತಲ್ಲ ಅದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದೈತಿ, ಶಟ್‌ಡೌನ್ ಒತ್ತಿದ್ರೂ ಅದು ಪೂರಾ ಬಂದ್ ಆಗೂದಿಲ್ಲ, ಅರ್ಧ ಹೈಬರ್ನೇಟ್ ಆಗಿ ಮಲಗ್ತೈತಿ, ಇಲ್ಲಾ ನಡುವ ಕರೆಂಟ್ ಹೋಗಿರ್ತೈತಿ, ಅವಾಗ ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ನ್ಯಾಗ ಫೈಲ್ ಇಡೂ ಪದ್ಧತಿ) ಮ್ಯಾಲ ‘ಕೆಲಸ ಪೂರಾ ಆಗಿಲ್ಲ’ ಅಂತ ಒಂದು ಗುರುತು ಉಳೀತೈತಿ. ಲಿನಕ್ಸಿನ್ಯಾಗ ಅದನ್ನ ಓದೂ ಮೊದಲಿನ ಡ್ರೈವರ್ ಎನ್‌ಟಿಎಫ್‌ಎಸ್-3ಜಿ, ಹೈಬರ್ನೇಟ್ ಆಗಿದ್ದು ಕಂಡ್ರ ಬರೇ ಓದಾಕರೆ ತಗದು ಕೊಡ್ತಿತ್ತು. 2021ರಾಗ ಕರ್ನಲ್ 5.15ಕ್ಕ ಬಂದ ಎನ್‌ಟಿಎಫ್‌ಎಸ್3 ಡ್ರೈವರ್ ಮಾತ್ರ ಆ ಡರ್ಟಿ ಗುರುತು ಕಂಡ್ರ ಬರಿಯಾಕ ಅಂತೂ ತಗಿಯೂದಿಲ್ಲ, ಅಂಥಾ ಮೌಂಟ್‌ನ ಬ್ಯಾಡ ಅಂತೈತಿ. ಅದು ಮಾಡೂದು ಸರಿನ ಐತ್ರಿ, ನಿಮ್ಮ ಫೈಲ್ ಉಳಸಾಕ ಹಂಗ ಮಾಡ್ತೈತಿ.

ಮೊದಲ ಫೋಟೋ ಹೊರಗ ತಗೀರಿ, ರಿಪೇರಿ ಆಮ್ಯಾಲ. ಎಲ್ ಎಸ್ ಬಿ ಎಲ್ ಕೆ -ಎಫ್ ಹೊಡದು ಪಾರ್ಟಿಶನ್ (ಡಿಸ್ಕಿನ ಭಾಗ) ಹೆಸರು ನೋಡ್ಕೋರಿ, ಎಸ್‌ಡಿಎ3 ಅಂತಿದ್ರ ಸುಡೋ ಮೌಂಟ್ -ಒ ಆರ್‌ಒ /ಡೆವ್/ಎಸ್‌ಡಿಎ3 /ಎಂಎನ್‌ಟಿ (ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಾಗ). ಆರ್‌ಒ ಅಂದ್ರ ಓದಾಕಷ್ಟ, ಡಿಸ್ಕ್ ಮ್ಯಾಲ ಏನೂ ಬರಿಯೂದಿಲ್ಲ. ತೆರದ ಕೂಡ್ಲೆ ಬ್ಯಾರೆ ಡಿಸ್ಕ್‌ಗೆ ಕಾಪಿ ಹಚ್ರಿ. ಅದ ಲಿಸ್ಟ್‌ನ್ಯಾಗ ಬಿಟ್‌ಲಾಕರ್ ಅಂತ ಕಂಡ್ರ ಕೆಟ್ಟಿಲ್ಲ, ಕೀಲಿ ಬಿದ್ದೈತಿ ಅಷ್ಟ, 48 ಅಂಕಿ ರಿಕವರಿ ಕೀ ಹುಡುಕ್ರಿ.

ಕಾಪಿ ಆದ ಮ್ಯಾಲ ವಿಂಡೋಸ್‌ಗೆ ಹೋಗಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನ್ಯಾಗ ಡಿ ಡ್ರೈವ್‌ಗೆ ಚೆಕ್‌ಡಿಸ್ಕ್ (ಸಿ ಎಚ್ ಕೆ ಡಿ ಎಸ್ ಕೆ, ಡಿಸ್ಕ್ ತಪಾಸಣಿ ಕಮಾಂಡ್) ಸ್ಲ್ಯಾಶ್ ಎಫ್ ಓಡಸ್ರಿ, ಕಂಟ್ರೋಲ್ ಪ್ಯಾನಲ್ ಪವರ್ ಆಪ್ಶನ್ಸ್‌ನ್ಯಾಗ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿಬಿಡ್ರಿ, ಆಮ್ಯಾಲ ಶಟ್‌ಡೌನ್ ಬಿಟ್ಟು ರೀಸ್ಟಾರ್ಟ್ ಕೊಟ್ಟು ಮಿಂಟ್‌ಗೆ ಬರ್ರಿ. ಲಿನಕ್ಸಿನ್ಯಾಗ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ ಹೊಡೀರಿ ಅಂತ ಭಾಳ ಮಂದಿ ಹೇಳ್ತಾರ, ಅದು ಆ ಗುರುತು ಒರಸ್ತೈತಿ ಹೊರತು ಚೆಕ್‌ಡಿಸ್ಕ್‌ನಂಗ ಪೂರಾ ತಪಾಸಣಿ ಮಾಡೂದಿಲ್ಲ, ವಿಂಡೋಸ್ ಇದ್ದವ್ರಿಗೆ ನಾ ಅದನ್ನ ಹೇಳೂದಿಲ್ಲ.

ಆದ್ರ ಲಾಗ್‌ನ್ಯಾಗ ‘ಐ/ಒ ಎರರ್’ (ಡಿಸ್ಕ್ ಓದಾಕ ಬರಿಯಾಕ ಆಗವಲ್ದು) ಅಂತ ಮತ್ತ ಮತ್ತ ಬಂದ್ರ ಇದ್ಯಾವುದೂ ಮಾಡಬ್ಯಾಡ್ರಿ, ಚೆಕ್‌ಡಿಸ್ಕ್ ಅಂತೂ ಬ್ಯಾಡ್ರಿ, ಅವಾಗ ಡಿಸ್ಕ್ ಸಾಯಾಕತ್ತಿರಬಹುದು, ಡಿಡಿರೆಸ್ಕ್ಯೂ ಅನ್ನೂ ಸಾಫ್ಟ್‌ವೇರ್‌ದಿಂದ ಪೂರಾ ಡಿಸ್ಕಿನ ನಕಲು ತಗದು ಆ ನಕಲಿನ ಮ್ಯಾಲ ಕೆಲಸ ಮಾಡಬೇಕು.

ಡಿ ಎಂ ಇ ಎಸ್ ಜಿ ಕೊನೀ ಲೈನ್ ಏನು ಬರ್ತಾವ ಇಲ್ಲೆ ಕೆಳಗ ಹಾಕ್ರಿ, ಅಲ್ಲೀತನಕ ಲ್ಯಾಪ್‌ಟಾಪ್ ಯಾರ ಕೈಗೂ ಕೊಡಬ್ಯಾಡ್ರಿ. ರಾತ್ರಿ ಸ್ಟುಡಿಯೋ ಮುಚ್ಚಿದ ಮ್ಯಾಲ ನೋಡಿ ಹೇಳ್ತೀನಿ.