ಮೂರು ವಿಧಾನಕ್ಕೆ ಒಂದೇ ಕೋಷ್ಟಕ ಸಾಕು

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಕ್ಕೆ ನಕ್ಷೆ ಎಳೆಯಲು ಬೆಲೆಗಳ ಕೋಷ್ಟಕ, ಅಕ್ಷಗಳನ್ನು ಛೇದಿಸುವ ಬಿಂದುಗಳು, ಇಳಿಜಾರು – ಈ ಮೂರು ವಿಧಾನಗಳನ್ನೂ ಒಂದಾದ ಮೇಲೊಂದರಂತೆ ಕಲಿಸಿದೆ. ಈಗ ಮಕ್ಕಳು ಒಂದರ ಹೆಜ್ಜೆಯನ್ನು ಇನ್ನೊಂದಕ್ಕೆ ಬೆರೆಸುತ್ತಿದ್ದಾರೆ. ಪರೀಕ್ಷೆಗೆ ಸಾಕಾಗುವ ಕೋಷ್ಟಕವೊಂದನ್ನೇ ಉಳಿಸಿಕೊಂಡು ಮಿಕ್ಕ ಎರಡನ್ನು ಕೈಬಿಡಲೇ?

ಉತ್ತರ: ಕೈಬಿಡಬೇಡಿ. ಆದರೆ ಮೂರನ್ನು ಮೂರು ಪ್ರತ್ಯೇಕ ಪಾಠಗಳೆಂದು ಕಲಿಸುವುದನ್ನು ಮಾತ್ರ ನಿಲ್ಲಿಸಿ. ಮಕ್ಕಳ ಗೊಂದಲಕ್ಕೆ ಕಾರಣ ವಿಧಾನಗಳ ಸಂಖ್ಯೆಯಲ್ಲ. ಅವುಗಳ ನಡುವಿನ ನಂಟು ಅವರಿಗೆ ಕಾಣಿಸದಿರುವುದು.

ಕರಿಹಲಗೆಯ ಮೇಲೆ 2ಎಕ್ಸ್ + 3ವೈ = 12 ಎಂದು ಬರೆದು ಕೋಷ್ಟಕ ಮಾಡಲು ಹೇಳಿ. ಹೆಚ್ಚಿನವರು ಅಭ್ಯಾಸಬಲದಿಂದ ಎಕ್ಸ್‌ಗೆ 0, 1, 2 ಎಂದು ಬೆಲೆ ಕೊಡುತ್ತಾರೆ. ವೈ ಬೆಲೆಗಳು 4, 10/3, 8/3 ಎಂದು ಬರುತ್ತವೆ. ಆ ಭಿನ್ನರಾಶಿಗಳನ್ನು ನಕ್ಷೆ ಹಾಳೆಯಲ್ಲಿ ಅಂದಾಜಿನಿಂದ ಗುರುತಿಸುವಾಗ ಮೂರು ಬಿಂದುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. 12ರಿಂದ 2ಎಕ್ಸ್ ಕಳೆದಾಗ ಉಳಿಯುವುದು 3ರಿಂದ ಭಾಗವಾಗಬೇಕಾದರೆ ಎಕ್ಸ್ ಏನಾಗಿರಬೇಕು ಎಂದು ಕೇಳಿ. ಮೂರರ ಅಪವರ್ತ್ಯ ಎಂಬ ಉತ್ತರ ಮಕ್ಕಳಿಂದಲೇ ಬರುತ್ತದೆ. ಆಗ ಎಕ್ಸ್ ಸಾಲಿನಲ್ಲಿ 0, 3, 6 ಮತ್ತು ವೈ ಸಾಲಿನಲ್ಲಿ 4, 2, 0 ಇರುವ ಅಚ್ಚುಕಟ್ಟಾದ ಕೋಷ್ಟಕ ಸಿಗುತ್ತದೆ.

ಇನ್ನು ಹೊಸ ವಿಧಾನವೆಂದು ಹೇಳದೆ ಅದೇ ಕೋಷ್ಟಕವನ್ನು ಓದಿಸಿ. ಮೊದಲ ಮತ್ತು ಕೊನೆಯ ಕಂಬಸಾಲುಗಳಾದ (0, 4), (6, 0) ಅಕ್ಷಗಳನ್ನು ಛೇದಿಸುವ ಬಿಂದುಗಳು. ಅಂದರೆ ಆ ವಿಧಾನವು ಲೆಕ್ಕಕ್ಕೆ ಸುಲಭವಾದ ಎರಡು ಬೆಲೆಗಳನ್ನಷ್ಟೇ ಆರಿಸಿಕೊಂಡ ಕೋಷ್ಟಕ. ಒಂದು ಕಂಬಸಾಲಿನಿಂದ ಮುಂದಿನದಕ್ಕೆ ಹೋಗುವಾಗ ಎಕ್ಸ್ 3 ಹೆಚ್ಚುತ್ತದೆ, ವೈ 2 ಕಡಿಮೆಯಾಗುತ್ತದೆ. ವೈ ಬದಲಾವಣೆಯನ್ನು ಎಕ್ಸ್ ಬದಲಾವಣೆಯಿಂದ ಭಾಗಿಸಿದಾಗ ಸಿಗುವ –2/3 ಎಂಬುದೇ ಇಳಿಜಾರು. (0, 4)ರಿಂದ ಮೂರು ಮಾನ ಬಲಕ್ಕೆ, ಎರಡು ಮಾನ ಕೆಳಕ್ಕೆ ಹೋದರೆ ತಲುಪುವ (3, 2) ಕೋಷ್ಟಕದಲ್ಲಿ ಮೊದಲೇ ಇದೆ. ಛೇದಕ ಬಿಂದುಗಳಿಂದ ಗೆರೆ ಎಳೆದವರು ತಪ್ಪು ಪರೀಕ್ಷಿಸಿಕೊಳ್ಳಬೇಕಾದ ಮೂರನೆಯ ಬಿಂದುವೂ ಅದೇ.

ಇಳಿಜಾರು ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ‘ಗೆರೆ ಮೇಲಕ್ಕೆ ಹೋಗುತ್ತಿದೆಯಲ್ಲ, ಅದಕ್ಕೆ ಇಳಿಜಾರು ಎನ್ನುವುದು ಹೇಗೆ ಟೀಚರ್?’ ಎಂದು ಕೇಳುವ ಮಗು ದಡ್ಡ ಮಗುವಲ್ಲ. ನಮ್ಮ ಪಾರಿಭಾಷಿಕ ಪದದಲ್ಲೇ ಇಳಿಯುವ ಅರ್ಥ ಕುಳಿತಿದೆ. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆ ಹತ್ತುವವರಿಗೆ ಏರು, ಎದುರಿನಿಂದ ಬರುವವರಿಗೆ ಇಳಿತ. ಆದ್ದರಿಂದ ನಕ್ಷೆಯಲ್ಲಿ ಯಾವಾಗಲೂ ಎಡದಿಂದ ಬಲಕ್ಕೆ ನಡೆಯುತ್ತೇವೆ, ಹಾಗೆ ನಡೆಯುವಾಗ ಏರಿದರೆ ಧನ, ಇಳಿದರೆ ಋಣ ಎಂಬ ಒಪ್ಪಂದವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಯಾವ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಮಕ್ಕಳು ಸ್ವತಃ ಎಡವಿಯೇ ತಿಳಿಯಬೇಕು. ನಿಮ್ಮ ತಾಲ್ಲೂಕಿನಲ್ಲೇ ಶಂಕರಪುರದ ಮಲ್ಲಿಗೆ ಇದೆ. ನಾಲ್ಕು ಚೆಂಡು (ಕಟ್ಟಿದ ಹೂವಿನ ಸುತ್ತು) ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕ ಮನೆಯಲ್ಲಿ ಹೂ ಕಟ್ಟುವ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಕ್ಸ್ ಅಟ್ಟೆಗೆ ವೈ ಚೆಂಡುಗಳಾದರೆ ವೈ = 4ಎಕ್ಸ್. ಇದಕ್ಕೆ ಛೇದಕ ಬಿಂದುಗಳನ್ನು ಹುಡುಕಲು ಹೊರಟವರಿಗೆ ಎರಡು ಸಲವೂ (0, 0) ಮಾತ್ರ ಸಿಗುತ್ತದೆ, ಒಂದೇ ಬಿಂದುವಿನಿಂದ ಗೆರೆ ನಿಶ್ಚಯವಾಗುವುದಿಲ್ಲ. ಮೊದಲೇ ಒಂದು ಚೆಂಡು ಕಟ್ಟಿಟ್ಟಿದ್ದರೆ ಸಮೀಕರಣ ವೈ = 4ಎಕ್ಸ್ + 1 ಆಗುತ್ತದೆ; ಗೆರೆ ಅದೇ ಇಳಿಜಾರಿನಲ್ಲಿ ಒಂದು ಮಾನ ಮೇಲಕ್ಕೆ ಸರಿಯುತ್ತದೆ. ಹೀಗೆ ಸಮಾಂತರವಾದ ಗೆರೆಗಳು ಎಲ್ಲೂ ಸೇರುವುದಿಲ್ಲವಾದ್ದರಿಂದ ಈ ಜೋಡಿಗೆ ಪರಿಹಾರವಿಲ್ಲವೆಂದು ನಕ್ಷೆ ಎಳೆಯುವ ಮೊದಲೇ ಹೇಳಲು ಇಳಿಜಾರು ತಿಳಿದ ವಿದ್ಯಾರ್ಥಿಗೆ ಸಾಧ್ಯ. ಋಣ ಅಟ್ಟೆ ಎಂದರೇನು ಎಂದು ಯಾರಾದರೂ ಕೇಳಿದರೆ, ಸಮೀಕರಣದ ಗೆರೆಗೆ ಎರಡೂ ಕಡೆ ಕೊನೆಯಿಲ್ಲ, ಹೂವಿನ ಲೆಕ್ಕ ಮಾತ್ರ ಸೊನ್ನೆ ಅಟ್ಟೆಯಿಂದ ಆರಂಭವಾಗುತ್ತದೆ ಎಂದು ತಿಳಿಸಿ.

ಇದೇ ಉದಾಹರಣೆಯಲ್ಲಿ ಪ್ರಮಾಣದ ತೊಡಕೂ ಹೊರಬೀಳುತ್ತದೆ. ನಾಲ್ಕು ಅಟ್ಟೆಗೆ ಹದಿನಾರು ಚೆಂಡು, 1 ಸೆಂ.ಮೀ.ಗೆ 1 ಮಾನ ಇಟ್ಟರೆ ಮೂಲಬಿಂದುವಿನಿಂದ 16 ಸೆಂ.ಮೀ. ಮೇಲೇರಬೇಕು, ಹಾಳೆಯ ನಡುವೆ ಅಕ್ಷ ಎಳೆದವರಿಗೆ ಜಾಗ ಸಾಲುವುದಿಲ್ಲ. ವೈ-ಅಕ್ಷದಲ್ಲಿ 1 ಸೆಂ.ಮೀ. = 2 ಮಾನ ಎಂದು ಬದಲಿಸಿದೊಡನೆ, ಒಂದು ಸೆಂ.ಮೀ. ಬಲಕ್ಕೆ ಹೋದಾಗ ಮೇಲೇರಬೇಕಾದದ್ದು ನಾಲ್ಕಲ್ಲ, ಎರಡೇ ಸೆಂ.ಮೀ. ಹಾಳೆಯ ಚೌಕಗಳನ್ನು ಎಣಿಸಬಾರದು, ಮಾನಗಳನ್ನು ಎಣಿಸಬೇಕು. ಇಳಿಜಾರಿನ ವಿಧಾನದಲ್ಲಿ ನಾನು ತಿದ್ದಿದ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

3ಎಕ್ಸ್ + 7ವೈ = 10 ಎಂಬಲ್ಲಿ ಎರಡು ಛೇದಕಗಳೂ ಭಿನ್ನರಾಶಿಗಳು. ಆದರೆ (1, 1) ಸರಿಹೊಂದುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ಏಳು ಬಲಕ್ಕೆ, ಮೂರು ಕೆಳಕ್ಕೆ ಹೋದರೆ (8, –2). ಇಳಿಜಾರಿನ ನಡಿಗೆಯನ್ನು ವೈ-ಅಕ್ಷದಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ಎಕ್ಸ್ = 3 ಎಂಬ ಲಂಬ ಗೆರೆಗೆ ಇಳಿಜಾರನ್ನು ಹೇಳಲಾಗುವುದಿಲ್ಲ; ಅಲ್ಲಿ ವೈ ಏನೇ ಇರಲಿ ಎಕ್ಸ್ ಮೂರೇ ಎಂದು ತೋರಿಸುವ ಕೋಷ್ಟಕಕ್ಕೇ ಮರಳಬೇಕು.

ಪರೀಕ್ಷೆಯ ಬಗ್ಗೆ ನಿಮ್ಮ ಆತಂಕ ಸಹಜವೇ. ಯಾವ ವಿಧಾನದಿಂದ ಬಿಂದುಗಳನ್ನು ಪಡೆದರೂ ಅವನ್ನು ಕೋಷ್ಟಕದಲ್ಲಿ ಬರೆದು, ಪ್ರಮಾಣವನ್ನು ನಮೂದಿಸಿ, ಗೆರೆಯನ್ನು ಕೊನೆಯ ಬಿಂದುಗಳಾಚೆಗೂ ಎಳೆಯುವ ರೂಢಿ ಮಾಡಿಸಿದರೆ ಉತ್ತರಪತ್ರಿಕೆಯಲ್ಲಿ ಕೊರತೆ ಕಾಣುವುದಿಲ್ಲ.

ಮುಂದಿನ ತರಗತಿಗೆ ನಕ್ಷೆ ಹಾಳೆ ಒಯ್ಯಬೇಡಿ. ಮೇಲಿನ ನಾಲ್ಕು ಸಮೀಕರಣಗಳನ್ನು – 2ಎಕ್ಸ್ + 3ವೈ = 12, ವೈ = 4ಎಕ್ಸ್, 3ಎಕ್ಸ್ + 7ವೈ = 10, ಎಕ್ಸ್ = 3 – ಬರೆದು, ಯಾವುದಕ್ಕೆ ಯಾವ ವಿಧಾನ, ಏಕೆ ಎಂದು ಇಬ್ಬಿಬ್ಬರು ಕುಳಿತು ಚರ್ಚಿಸಿ ಒಂದೊಂದು ವಾಕ್ಯ ಬರೆಯಲಿ. ಒಂದೇ ಸಮೀಕರಣಕ್ಕೆ ಎರಡು ಜೋಡಿಗಳು ಬೇರೆ ಬೇರೆ ವಿಧಾನ ಹೇಳಿದರೆ ತಿದ್ದಲು ಹೋಗಬೇಡಿ; ಮರುದಿನ ಹಾಳೆ ಕೊಟ್ಟು, ಇಬ್ಬರ ಗೆರೆಗಳೂ ಒಂದರ ಮೇಲೊಂದು ಕೂರುತ್ತವೆಯೇ ಎಂದು ಹಾಳೆಗಳನ್ನು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಲು ಹೇಳಿ.