ಕಿಲಿಮಂಜಾರೋಗೆ ಐದು ದಿನ ಸಾಕಾ?

ಓದುಗರ ಪತ್ರ: ಟಾಂಜಾನಿಯಾದ ಕಿಲಿಮಂಜಾರೋಗೆ ಹೋಗಬೇಕು ಅಂತ ಬಹಳ ದಿನದ ಆಸೆ. ಹಗ್ಗ ಬೇಡ, ನಡೆದರೆ ಸಾಕು ಅನ್ನುತ್ತಾರೆ. ಮಾರಂಗು ದಾರಿಯ ಐದು ದಿನದ ಪ್ಯಾಕೇಜ್ ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ? ಅಷ್ಟೊಂದು ಜನ ಅಲ್ಲಿಗೆ ಹೋಗುವುದು ಯಾತಕ್ಕೆ ಅಂತಲೂ ಹೇಳಿ.

ಸಂಪಾದಕರ ಉತ್ತರ: ಖಂಡಿತ ಹೋಗಿ. ಆದರೆ ಐದು ದಿನದ ಪ್ಯಾಕೇಜ್ ಮಾತ್ರ ಬೇಡ.

ಹಗ್ಗ ಬೇಡ ಅನ್ನುವುದು ನಿಜ. ಮಾಮೂಲಿ ದಾರಿಗಳಲ್ಲಿ ಕಾಲು ಗಟ್ಟಿಯಿದ್ದವರು ನಡೆದೇ 5,895 ಮೀಟರ್ ಮುಟ್ಟಬಹುದು. ಮೋಸ ಹೋಗುವುದೇ ಇಲ್ಲಿ. ಕಾಲಿಗೆ ಸುಲಭ ಅಂದ ಮಾತ್ರಕ್ಕೆ ಉಸಿರಿಗೆ ಸುಲಭ ಅಲ್ಲ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟೇ. ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ದಿನಾ ಓಡುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಆ ಪ್ಯಾಕೇಜಿನ ಲೆಕ್ಕ ನೋಡಿ. ಮೊದಲ ರಾತ್ರಿ ಮಂದಾರಾ ಗುಡಿಸಲುಗಳಲ್ಲಿ, ಸುಮಾರು 2,700 ಮೀಟರ್. ಎರಡನೆಯದು ಹೊರೊಂಬೊ, 3,700. ಮೂರನೆಯದು ಕಿಬೊ, 4,700. ಅಲ್ಲಿ ಒಂದಿಷ್ಟು ಮಲಗಿ, ನಡುರಾತ್ರಿ ಎದ್ದು ತುದಿಗೆ ಹೊರಡಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುತ್ತಾರೆ. ಇಲ್ಲಿ ಅದರ ಎರಡು ಪಟ್ಟು! ಪಾರ್ಕಿನ ಶುಲ್ಕ ದಿನದ ಲೆಕ್ಕದಲ್ಲಿ ಕಟ್ಟಬೇಕು. ಆದ್ದರಿಂದ ದಿನ ಕಡಿಮೆಯಾದರೆ ಬೆಲೆಯೂ ಕಡಿಮೆ. ನಿಮಗೆ ಅಗ್ಗವಾಗಿ ಸಿಗುತ್ತಿರುವುದು ಅದಕ್ಕೇ.

ಮಾರಂಗು ದಾರಿಯೇ ಇಷ್ಟ ಅಂದರೆ ಹೊರೊಂಬೊದಲ್ಲಿ ಇನ್ನೊಂದು ರಾತ್ರಿ ಉಳಿಯುವ ಆರು ದಿನದ ಪ್ಯಾಕೇಜ್ ತಗೊಳ್ಳಿ. ಏಳು ದಿನದ ಮಚಾಮೆ ಅಥವಾ ಎಂಟು ದಿನದ ಲೆಮೋಶೋ ಆದರೆ ಇನ್ನೂ ಒಳ್ಳೆಯದು. ಆ ದಾರಿಗಳಲ್ಲಿ ಲಾವಾ ಟವರ್ ಅನ್ನುವ ಬಂಡೆಯ ಬಳಿ 4,600 ಮೀಟರ್ ತನಕ ಹತ್ತಿಸಿ, ರಾತ್ರಿಗೆ ಬರಾಂಕೊ ಶಿಬಿರದ 3,900ಕ್ಕೆ ಇಳಿಸುತ್ತಾರೆ. ಸುಮ್ನೆ ಸುತ್ತಿಸುತ್ತಾರಲ್ಲ ಅನ್ನಿಸಬಹುದು. ದೇಹ ಹದಕ್ಕೆ ಬರುವುದು ಆ ಏರಿಳಿತದಲ್ಲೇ. ವಾಂತಿ ನಿಲ್ಲದಿದ್ದರೆ, ಹೆಜ್ಜೆ ತೂರಾಡಿದರೆ, ಕೂತಾಗಲೂ ಏದುಸಿರು ಬಂದರೆ ಆ ಕ್ಷಣವೇ ಕೆಳಗಿಳಿಯಬೇಕು. ಗೈಡ್ ವಾಪಸ್ ಹೋಗೋಣ ಅಂದರೆ ವಾದ ಬೇಡ.

ಈ ಬೆಟ್ಟದ ತುದಿಯನ್ನು ಮೊದಲ ಸಲ ಮುಟ್ಟಿದ 1889ರ ಕಥೆಯೂ ಇದೇ. ಜರ್ಮನಿಯ ಭೂಗೋಳಶಾಸ್ತ್ರಜ್ಞ ಹಾನ್ಸ್ ಮೇಯರ್ ಅದಕ್ಕೂ ಮೊದಲು ಎರಡು ಸಲ ಹೊರಟು ತುದಿ ಮುಟ್ಟದೆ ಹಿಂತಿರುಗಿದ್ದರು. ಮೂರನೇ ಸಲ ಮೇಲೆಯೇ ಡೇರೆ ಹಾಕಿ, ಕೆಳಗಿನಿಂದ ಊಟ ತರಿಸಿಕೊಳ್ಳುವ ಏರ್ಪಾಡು ಮಾಡಿಕೊಂಡರು. ಅಕ್ಟೋಬರ್ 3ರಂದು ಜ್ವಾಲಾಮುಖಿ ಕುಳಿಯ ಅಂಚಿನವರೆಗೆ ಹೋಗಿ ಹಿಂದಿರುಗಿದರು. ಡೇರೆ, ಊಟ ಎರಡೂ ಮೇಲೇ ಇದ್ದದ್ದರಿಂದ ಮತ್ತೆ ಪ್ರಯತ್ನಿಸಲು ಆಯಿತು. 6ರಂದು ಆಸ್ಟ್ರಿಯಾದ ಪರ್ವತಾರೋಹಿ ಲುಡ್ವಿಗ್ ಪುರ್ಟ್‌ಶೆಲ್ಲರ್ ಜೊತೆ ತುದಿ ಮುಟ್ಟಿದರು.

ಇನ್ನು ಜನ ಯಾತಕ್ಕೆ ಹೋಗುತ್ತಾರೆ ಅನ್ನುವ ಪ್ರಶ್ನೆ. ಸಮಭಾಜಕದಿಂದ ಬರೀ ಮೂರು ಡಿಗ್ರಿ ದಕ್ಷಿಣಕ್ಕೆ ಒಂಟಿಯಾಗಿ ಎದ್ದು ನಿಂತ ಜ್ವಾಲಾಮುಖಿ ಇದು. ಬುಡದಲ್ಲಿ ಚಾಗಾ ಜನರ ಬಾಳೆ, ಕಾಫಿ ತೋಟ. ಆಮೇಲೆ ಕೊಲೊಬಸ್ ಕೋತಿಗಳಿರುವ ಮಳೆಕಾಡು, ಕುರುಚಲು ಬಯಲು, ಕಲ್ಲುಮರಳಿನ ಮರುಭೂಮಿ, ಕೊನೆಗೆ ಹಿಮ. ಹೊರೊಂಬೊ ಸುತ್ತಮುತ್ತ ಲೊಬೆಲಿಯಾ ಗಿಡ ಕಂಡರೆ ಬಗ್ಗಿ ನೋಡಿ. ಎಲೆಗಳ ಬಟ್ಟಲಲ್ಲಿ ನೀರು ನಿಂತಿರುತ್ತದೆ. ರಾತ್ರಿ ಎಲೆಗಳು ಮುಚ್ಚಿಕೊಳ್ಳುತ್ತವೆ, ನೀರಿನ ಮೇಲ್ಪದರ ಮಂಜುಗಡ್ಡೆಯಾಗುತ್ತದೆ, ಅದರಡಿ ಎಳೆ ಮೊಗ್ಗು ಬೆಚ್ಚಗೆ ಉಳಿಯುತ್ತದೆ. ಪ್ರತಿ ರಾತ್ರಿ ಚಳಿಗಾಲ ಬರುವ ಜಾಗದಲ್ಲಿ ಈ ಗಿಡ ಬದುಕುವ ರೀತಿ ಅದು. ಓಡೋಡಿ ಹತ್ತುವವರಿಗೆ ಇದೆಲ್ಲ ಎಲ್ಲಿ ಕಾಣಬೇಕು, ಅಲ್ವಾ? ತುದಿಯ ಹಿಮದಲ್ಲಿ ಉಳಿದಿರುವುದೂ ಸ್ವಲ್ಪವೇ. 1912ರಿಂದ ಈಚೆಗೆ 80%ಕ್ಕಿಂತ ಹೆಚ್ಚು ಕರಗಿದೆ. ಅದು ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿ.

ಜೂನ್‌ನಿಂದ ಅಕ್ಟೋಬರ್, ಇಲ್ಲವೇ ಜನವರಿ, ಫೆಬ್ರವರಿಯಲ್ಲಿ ಮಳೆ ಕಾಟ ಕಡಿಮೆ.

ದುಡ್ಡು ಕಟ್ಟುವ ಮೊದಲು ಕಂಪನಿಯವರಿಗೆ ಒಂದು ವಿಷಯ ಕೇಳಲೇಬೇಕು. ನಿಮ್ಮ ಡೇರೆ, ಸ್ಟವ್, ಅಕ್ಕಿ ಎಲ್ಲವನ್ನೂ ಹೊರುವವರು ಅಲ್ಲಿನ ಪೋರ್ಟರ್‌ಗಳು. ನೀವು ಏದುಸಿರು ಬಿಡುತ್ತಿರುವಾಗ ತಲೆ ಮೇಲೆ ಮೂಟೆ ಹೊತ್ತು ಪಕ್ಕದಲ್ಲೇ ದಾಟಿ ಹೋಗುತ್ತಾರೆ. ಕಂಪನಿಯ ಸಾಮಾನು ಒಬ್ಬರಿಗೆ 20 ಕೆಜಿ ಮೀರಬಾರದು ಅನ್ನುವ ನಿಯಮವಿದೆ. ಗೇಟಿನಲ್ಲಿ ತೂಕ ಹಾಕುತ್ತಾರೆ. ಆದರೆ ಬೆಲೆ ಇಳಿಸಿದ ಪ್ಯಾಕೇಜಿನಲ್ಲಿ ಮೊದಲು ಕತ್ತರಿ ಬೀಳುವುದು ಅವರ ಕೂಲಿಗೆ, ಊಟಕ್ಕೆ. ದಿನಗೂಲಿ ಎಷ್ಟು, ದಿನಕ್ಕೆ ಎಷ್ಟು ಹೊತ್ತು ಊಟ, ಅವರು ಮಲಗುವುದು ಎಲ್ಲಿ ಅಂತ ನೇರವಾಗಿ ಕೇಳಿ. ಉತ್ತರ ಹೇಳಲು ತಡವರಿಸಿದರೆ ಬೇರೆ ಕಂಪನಿ ನೋಡಿಕೊಳ್ಳಿ.